ನೂರಿಪ್ಪತ್ತೊಂದು ಹೂಂ

ನನ್ನ ಅವ್ವ ತನ್ನ ಹಿರಿಮಗಳನ್ನು ಊರೊಳಗೆ ಬಿಟ್ಟುಕೊಳ್ಳಬಾರದೆಂದು ನೂರಿಪ್ಪತ್ತೊಂದು ಸಲ ಒಪ್ಪಿಗೆ ಕೊಟ್ಟಿದ್ದಾಳೆ ಎಂಬ ಕಾಗದ ಒಂದು ಸೋಮವಾರ ಬೆಳಿಗ್ಗೆ ಬಂತು. ಅವ್ವ ಆಗ ಜೋಳದ ಹಿಟ್ಟು ನಾದುತ್ತಿದ್ದಳು. ನಾನು ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು, ಓದಿದೆ. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ನಾನಾ? ಪಾರೀನ್ನ ಹೊರಗ ಇಡ್ರಿ ಅಂತ ನಾ ಯಾವಾಗ ಅಂದೆ?"

ಕಾಗದದಲ್ಲಿ ಅದೂ ಇತ್ತು. ನೂರಿಪ್ಪತ್ತೊಂದು ತಾರೀಖು, ಒಂದರ ಕೆಳಗೊಂದು, ಪ್ರತಿಯೊಂದರ ಎದುರಿಗೆ 'ಸಾಬವ್ವ, ಒಪ್ಪಿಗೆ' ಎಂದು. ಕೊನೆಗೆ ಸಮ್ಮತಿ ಯಂತ್ರದ ಮೊಹರು. ಆ ಯಂತ್ರ ಮಾಡಿದವಳು ನಾನು, ನೀಲಾಂಬಿಕಾ. ಈ ಕಥೆಯಲ್ಲಿ ಯಾರನ್ನಾದರೂ ಬೈಯಬೇಕೆನಿಸಿದರೆ ದೂರ ಹುಡುಕಬೇಡಿ, ಹೇಳುತ್ತಿರುವವಳನ್ನೇ ಬೈಯಿರಿ.

ನಮ್ಮೂರು ನೆರಳೂರು. ಹೆಸರಿಗೆ ತಕ್ಕಂತೆ ಊರಿಗೆ ಊರೇ ಒಂದು ಚಪ್ಪರದ ಕೆಳಗಿದೆ. ದೋಣಿ ಹೊಳೆಯ ಸುತ್ತಲಿನ ಎರೆ ಬಯಲಿನಲ್ಲಿ ಬೇಸಿಗೆ ಐವತ್ತು ಡಿಗ್ರಿ ದಾಟತೊಡಗಿದಾಗ ನಮ್ಮ ಅಜ್ಜಂದಿರು ಕಟ್ಟಿದ್ದು. ಕನ್ನಡಿಬಟ್ಟೆಯ ಚಪ್ಪರ ಬಿಸಿಲನ್ನು ಬಂದ ದಾರಿಗೇ ತಿರುಗಿಸುತ್ತದೆ, ಕಂಬಗಳಿಂದ ಸಣ್ಣ ಹನಿ ಉದುರುತ್ತದೆ, ಕೆಳಗೆ ಮನುಷ್ಯರು ಬದುಕಬಹುದು. ಕಟ್ಟಿದವರು ಬಿಸಿಲಿಗೆ ಹೆದರಿದಷ್ಟೇ ಅಧಿಕಾರಕ್ಕೂ ಹೆದರಿದ್ದರು. ಊರಿಗೊಂದು ಸಂವಿಧಾನ ಬರೆದು, ಅದರ ಐದು ಸ್ವಾತಂತ್ರ್ಯಗಳನ್ನು ಅಗಸೆಬಾಗಿಲ ಕಲ್ಲಿನಲ್ಲಿ ಕೆತ್ತಿಸಿದರು: ಹೋಗಿಬರುವ ಸ್ವಾತಂತ್ರ್ಯ, ಕೂಡಿ ಕೂರುವ ಸ್ವಾತಂತ್ರ್ಯ, ಮನಸ್ಸಿನದನ್ನು ಆಡುವ ಸ್ವಾತಂತ್ರ್ಯ, ಕೆಲಸ ಆರಿಸಿಕೊಳ್ಳುವ ಸ್ವಾತಂತ್ರ್ಯ, ಮನೆಯ ಬಾಗಿಲು ಮುಚ್ಚಿಕೊಳ್ಳುವ ಸ್ವಾತಂತ್ರ್ಯ.

ಹತ್ತು ವರ್ಷದ ಕೆಳಗೆ ಬಿಸಿಗಾಳಿ ಬಂತು. ಒಂಬತ್ತು ದಿನ ಬೀಸಿ ಚಪ್ಪರದ ಮೂಡಣ ಭಾಗವನ್ನು ಹರಿದು ಹಾಕಿತು. ಸಾವಿರದ ನೂರು ಜನ ಸತ್ತರು, ನಮ್ಮಪ್ಪನೂ ಅವರಲ್ಲೊಬ್ಬ. ಸಂವಿಧಾನದ ಹತ್ತೊಂಬತ್ತನೆಯ ವಿಧಿಯಂತೆ ಊರಿನ ಆಡಳಿತ ಮಂಡಳಿ ಆಪತ್ಕಾಲ ಸಾರಿತು. ಅಗಸೆ ಮುಚ್ಚಿತು, ಐವರಿಗಿಂತ ಹೆಚ್ಚು ಜನ ಒಂದೆಡೆ ಸೇರಕೂಡದು, ಹೇಳಿದ ಕೆಲಸ ಮಾಡಬೇಕು, ಮಂಡಳಿಯನ್ನು ಟೀಕಿಸಕೂಡದು. ಇದಕ್ಕೆ ಮೂವತ್ತು ದಿನ ಮಾತ್ರ ಆಯುಷ್ಯ. ಮುಂದುವರಿಸಬೇಕಾದರೆ ಪ್ರತಿ ಸಲವೂ ವಯಸ್ಕರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಮೊದಲ ಸಲ ಜನ ನಿಜವಾಗಿಯೂ ಒಪ್ಪಿದರು, ಹೆಣ ಹೊತ್ತ ಹೆಗಲಲ್ಲೇ ಕೈ ಎತ್ತಿದರು. ಅದನ್ನು ಯಾರೂ ತಪ್ಪೆನ್ನಲಾರರು. ಆಮೇಲೆ ಜನ ಸೇರುವಂತಿರಲಿಲ್ಲ, ಎಣಿಕೆ ನನ್ನ ಯಂತ್ರಕ್ಕೆ ಬಂತು.

ನನ್ನಕ್ಕ ಪಾರವ್ವ ಗಾಳಿಗೆ ಮೂರು ದಿನ ಮೊದಲು ಹನ್ನೆರಡು ಕಿಲೋಮೀಟರು ಆಚೆಯ ದೋಣಿ ವಸ್ತಿಗೆ ಹೋಗಿದ್ದಳು. ಅಲ್ಲಿಯವರು ಹಿಂದಿನ ಕಾಲದಲ್ಲಿ ಕಾಳು ತುಂಬಿಡುತ್ತಿದ್ದ ಹಗೇವಿನಂತೆ ನೆಲದೊಳಗೆ ಮನೆ ತೋಡಿಕೊಂಡು ಚಪ್ಪರವಿಲ್ಲದೆ ಬದುಕುತ್ತಿದ್ದರು. ಅದನ್ನು ಕಲಿತು ಬರುತ್ತೇನೆ ಎಂದು ಹೋದವಳು ತಿರುಗಿ ಬರುವಷ್ಟರಲ್ಲಿ ಅಗಸೆ ಹಾಕಿತ್ತು. ಅಂದಿನಿಂದ ದಾಖಲೆಯಲ್ಲಿ ಅವಳು ಹೊರಗಿನವಳು. ಅವಳಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಅವ್ವನಿಗೆ ಎಂಬತ್ತೊಂದು. ಹತ್ತು ವರ್ಷವಾದ ಮೇಲೆ ಮರುವಿಚಾರಣೆ ಕೇಳಬಹುದೆಂದು ಯಾರೋ ಹೇಳಿದ್ದರಿಂದ ಅರ್ಜಿ ಹಾಕಿದ್ದಳು. ಅದಕ್ಕೆ ಬಂದ ಉತ್ತರವೇ ಈ ಕಾಗದ.

ನಮ್ಮ ಒಪ್ಪಿಗೆಯ ದಾಖಲೆಯನ್ನು ನಾವೇ ಕೇಳುವ ಹಕ್ಕು ಮಾತ್ರ ಹೇಗೋ ಉಳಿದುಕೊಂಡಿತ್ತು. ಮರುದಿನ ಅವ್ವನನ್ನು ನಿಯಂತ್ರಣ ಕೊಠಡಿಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಯಂತ್ರದ ತಲೆಯಿದೆ. ಅದರ ಕಿವಿ ಬಾಯಿಗಳು ಊರಿನ ಪ್ರತಿ ಮನೆಯ ಗೋಡೆಯಲ್ಲಿವೆ. ಸರಕಾರಿ ಹೆಸರು ಸಮ್ಮತಿ ಯಂತ್ರ, ಜನರ ಬಾಯಲ್ಲಿ 'ಗೋಡೆಯತ್ತೆ'. ಎಲ್ಲ ಕೇಳಿಸಿಕೊಳ್ಳುತ್ತಾಳೆ, ಎಲ್ಲ ಮೇಲಕ್ಕೆ ಮುಟ್ಟಿಸುತ್ತಾಳೆ, ಅದಕ್ಕೆ. ಮೂವತ್ತು ದಿನಕ್ಕೊಮ್ಮೆ ಸಂಜೆ ಆರೂವರೆಗೆ ಅತ್ತೆ ಆಪತ್ಕಾಲದ ಪ್ರಕಟಣೆಯನ್ನು ಹನ್ನೊಂದು ನಿಮಿಷ ಓದುತ್ತಾಳೆ, 'ನಿಮ್ಮ ಅಭಿಪ್ರಾಯ ಪಡೆಯಲಾಗಿದೆ, ವಂದನೆಗಳು' ಎಂದು ಮುಗಿಸುತ್ತಾಳೆ. ಮರುದಿನ ಶೇಕಡಾ ತೊಂಬತ್ತೇಳು ಒಪ್ಪಿಗೆ ಎಂದು ಸುದ್ದಿ ಬರುತ್ತದೆ. ಯಾವಾಗ ಪಡೆದರು, ಹೇಗೆ ಪಡೆದರು ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಒಲ್ಲೆ ಅಂದುಕೊಂಡರೇನು, ಉಳಿದವರೆಲ್ಲ ಒಪ್ಪಿದ್ದಾರಲ್ಲ ಎಂದುಕೊಂಡು ಊರಿಗೆ ಊರೇ ಸುಮ್ಮನಿತ್ತು.

ಮೊದಲ ದಾಖಲೆ ಹಾಕಿದೆ. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅದರ ನಡುವೆ ಅತ್ತೆಯ ದನಿ: ಅಗಸೆಯು ಮುಚ್ಚಿರತಕ್ಕದ್ದು. ಒಂದು ಕ್ಷಣ ಬಿಡುವು. ಆ ಬಿಡುವಿನಲ್ಲಿ ಅವ್ವನ ದನಿ: "ಹೂಂ." ಮತ್ತೆ ರೊಟ್ಟಿ ಬಡಿಯುವ ಸದ್ದು.

ಎರಡನೆಯದು ಹಾಕಿದೆ. ರೊಟ್ಟಿ, ಅತ್ತೆ, ಹೂಂ. ಮೂರನೆಯದರಲ್ಲಿ ರೊಟ್ಟಿಯಿಲ್ಲ, ಮೊರದಲ್ಲಿ ಕಾಳು ಹಸನು ಮಾಡುವ ಸದ್ದು, ಮತ್ತೆ ಅದೇ ಹೂಂ. ಹನ್ನೆರಡು ಕೇಳಿದ ಮೇಲೆ ಅವ್ವ ಸಾಕು ಎಂದು ಕೈ ಮಾಡಿದಳು. ಆಮೇಲೆ ಅಂದ ಮಾತು ನನಗೆ ಸಾಯುವತನಕ ನೆನಪಿರುತ್ತದೆ.

"ನೀಲಾ, ಸಣ್ಣಾಕಿ ಇದ್ದಾಗ ನಿನಗ ಕಥಿ ಹೇಳತಿದ್ನಿ. ರಾಕ್ಷಸ ಬಂದು ರಾಜಕುಮಾರೀನ್ನ ನುಂಗಿದ ಅಂತಿದ್ನಿ, ನೀ ಹೂಂ ಅಂತಿದ್ದಿ. ನುಂಗಲಿ ಅಂತ ಒಪ್ಪಿದಂಗಾತೇನು?"

ಹತ್ತು ವರ್ಷ ತೊಂಬತ್ತೇಳು ತೊಂಬತ್ತೇಳು ಎಂದು ಬೀಗಿದ್ದೆನಲ್ಲ, ಆ ಬೀಗು ಒಂದೇ ಮಾತಿಗೆ ಇಳಿಯಿತು.

ಆದದ್ದು ಇಷ್ಟು. ಯಂತ್ರಕ್ಕೆ ನಮ್ಮ ಭಾಷೆಯ ಒಪ್ಪಿಗೆ ಕಲಿಸಲು ನಾನು ನಾಲ್ಕುನೂರು ಜನರ ದನಿ ಹಿಡಿದಿದ್ದೆ. ಎಲ್ಲರಿಗೂ ಸಣ್ಣ ಸಣ್ಣ ಪ್ರಶ್ನೆ: ಸಾರಿಗೆ ಉಪ್ಪು ಹಾಕಲೇ, ಕಿಟಕಿ ಮುಚ್ಚಲೇ, ನೀರು ಕೊಡಲೇ. ಅದಕ್ಕೆ ಜನ ಹೂಂ ಎಂದರೆ ಹೌದು, ಊಹೂಂ ಎಂದರೆ ಬೇಡ. ಯಂತ್ರ ಜಾಣೆ, ಒಂದೇ ವಾರದಲ್ಲಿ ಕಲಿತಳು. ಆದರೆ ಪ್ರಶ್ನೆಗೆ ಹೇಳುವ ಹೂಂ ಬೇರೆ, ಮಾತಿಗೆ ಹಾಕುವ ಹೂಂ ಬೇರೆ. ನಮ್ಮಲ್ಲಿ ಯಾರಾದರೂ ಹೇಳುತ್ತಿದ್ದರೆ ಎದುರಿಗಿದ್ದವರು ಹೂಂಗುಡಬೇಕು. ಇಲ್ಲದಿದ್ದರೆ ಹೇಳುವವರು ನಿಲ್ಲಿಸಿ, ಕೇಳಾಕತ್ತೀಯೋ ಇಲ್ಲೋ ಎನ್ನುತ್ತಾರೆ. ಕೇಳಿಸುತ್ತಿದೆ, ಮುಂದೆ ಹೇಳು ಎಂಬುದಷ್ಟೇ ಆ ಹೂಂನ ಅರ್ಥ. ಹುಟ್ಟಿದ ಮಗುವಿಗೂ ಗೊತ್ತಿರುವ ಇದನ್ನು ನಾನು ಯಂತ್ರಕ್ಕೆ ಹೇಳಿಕೊಡಲೇ ಇಲ್ಲ.

ಅದರ ಮೇಲೆ ಇನ್ನೊಂದು ಘನಕಾರ್ಯ ಮಾಡಿದ್ದೆ. ಅತ್ತೆ ಉಸಿರು ಬಿಡದೆ ಓದುತ್ತಾಳೆಂದು ಮುದುಕರು ದೂರಿದಾಗ, ಪ್ರತಿ ವಾಕ್ಯದ ಕೊನೆಗೆ ಒಂದು ಬಿಡುವು ಇಟ್ಟೆ. ಎಷ್ಟು ಬಿಡುವೆಂದು ಅಳೆಯಲು ಅವ್ವ ಕಥೆ ಹೇಳುವ ಲಯವನ್ನೇ ತೆಗೆದುಕೊಂಡೆ. ಕಥೆಯ ಲಯಕ್ಕೆ ಜನ ಕಥೆಯ ಹೂಂ ಕೊಟ್ಟರು. ಹನ್ನೊಂದು ನಿಮಿಷದಲ್ಲಿ ಒಂದೇ ಒಂದು ಹೂಂ ಬಿದ್ದರೂ ಯಂತ್ರ ಅದನ್ನು ಇಡೀ ಪ್ರಕಟಣೆಗೆ ಒಪ್ಪಿಗೆಯೆಂದು ಬರೆದುಕೊಂಡಿತು. ನಮ್ಮ ಐದು ಸ್ವಾತಂತ್ರ್ಯಗಳನ್ನು ಯಾರೂ ಕತ್ತಿ ಹಿಡಿದು ಕಸಿಯಲಿಲ್ಲ. ನಾವು ಮರ್ಯಾದಸ್ಥರು, ಹೂಂಗುಟ್ಟಿದೆವು, ಹೋದವು.

ಆ ಸಂಜೆ ಮನೆಯಲ್ಲಿ ಈರಣ್ಣ ಮಾಸ್ತರರೂ ಇದ್ದರು. ಪಕ್ಕದ ಮನೆಯವರು, ಶಾಲೆಯಿಂದ ನಿವೃತ್ತರಾದ ಮೇಲೆ ಅವ್ವನ ಜೊತೆ ಚಹಾ ಕುಡಿಯುವುದೇ ಅವರ ಉದ್ಯೋಗ. ಅವರ ಮುಂದೆಯೇ ಒಂದು ಉಪಾಯ ಹೇಳಿದೆ. ಯಂತ್ರದ ಕೀಲಿಕೈ ನನ್ನಲ್ಲಿದೆ, ಹೂಂ ಅನ್ನು ಒಪ್ಪಿಗೆಯ ಪಟ್ಟಿಯಿಂದ ತೆಗೆಯಲು ಒಂದು ಸಾಲು ಅಳಿಸಿದರೆ ಸಾಕು. ಮುಂದಿನ ಸಲ ಒಪ್ಪಿಗೆ ಶೂನ್ಯ ಬರುತ್ತದೆ, ಆಪತ್ಕಾಲ ತಾನೇ ಬಿದ್ದುಹೋಗುತ್ತದೆ, ಪಾರಕ್ಕ ಒಳಗೆ ಬರುತ್ತಾಳೆ. ಮಾಸ್ತರರು ಭಲೇ ಎಂದರು. ಅವ್ವ ಒಲೆಯ ಮೇಲಿನ ಹಂಚು ಇಳಿಸಿದಳು.

"ನೀ ಕದ್ದು ಕೊಟ್ಟದ್ದನ್ನ ನಾಳೆ ಇನ್ನೊಬ್ಬ ಕದ್ದು ಒಯ್ತಾನ. ಕದ್ದ ಮಾಲು ಮನ್ಯಾಗ ನಿಲ್ಲೂದಿಲ್ಲ. ಎಲ್ಲಾರ ಮುಂದ ಇಸಗೊಂಡ್ರ ನಮ್ಮದಾಗತೈತಿ."

ನನಗೆ ಸಿಟ್ಟು ಬಂತು. ನಿನ್ನ ಮಗಳನ್ನು ನಾಳೆಯೇ ನೋಡಬಹುದು, ಈ ವಯಸ್ಸಿನಲ್ಲಿ ಇದೆಂಥ ಹಟ ಎಂದೆ. ಅವ್ವ ಅಟ್ಟದ ಮೇಲಿನಿಂದ ಊರ ಸಂವಿಧಾನದ ಹಳೆಯ ಪ್ರತಿ ತೆಗೆಸಿದಳು. ಮಾಸ್ತರರು ಕನ್ನಡಕ ಹಾಕಿಕೊಂಡು ಓದಿದರು. ಮೂವತ್ತೊಂದನೆಯ ವಿಧಿ ಹೀಗಿತ್ತು: ಯಾವ ವಯಸ್ಕರೇ ಆಗಲಿ ತಿದ್ದುಪಡಿ ಸೂಚಿಸಬಹುದು, ಮೂವತ್ತು ದಿನದೊಳಗೆ ಅದನ್ನು ಊರಿಗೆಲ್ಲ ಓದಿ ಹೇಳತಕ್ಕದ್ದು, ಅಲ್ಲಿಯವರೆಗೆ ಸೂಚಿಸಿದವರು ತಮ್ಮ ಮನೆಯಲ್ಲಿ, ಅವರಿಂದ ಕೇಳಿದವರು ತಮ್ಮ ತಮ್ಮ ಮನೆಗಳಲ್ಲಿ, ಅದನ್ನು ವಿವರಿಸಬಹುದು, ಮುಕ್ಕಾಲು ಪಾಲು ಒಪ್ಪಿದರೆ ಅದೇ ಸಂವಿಧಾನ, ಈ ವಿಧಿಯನ್ನು ಯಾವ ಆಪತ್ಕಾಲವೂ ಮುಟ್ಟಕೂಡದು. ನಮ್ಮ ಅಜ್ಜಂದಿರು ಒಂದು ಕಿಟಕಿಗೆ ಚಿಲಕ ಇಡದೆ ಹೋಗಿದ್ದರು. ಹತ್ತು ವರ್ಷ ಆ ಕಿಟಕಿಯ ಕಡೆ ನಾವು ಯಾರೂ ನೋಡಿರಲಿಲ್ಲ.

ಬರೆದದ್ದು ಮಾಸ್ತರರು, ಹೇಳಿದ್ದು ಅವ್ವ. ತಿದ್ದುಪಡಿ ಎರಡೇ ಸಾಲು. ಒಂದು: ಒಪ್ಪಿಗೆ ಎಂದರೆ ಪೂರ್ತಿ ಕೇಳಿದ ಮೇಲೆ ಸ್ವಂತ ಬಾಯಿಂದ 'ಒಪ್ಪಿದೆ' ಎಂದು ಹೇಳಿದ್ದು, ಹೂಂ ಎಂದರೆ ಕೇಳಿಸುತ್ತಿದೆ ಎಂದಷ್ಟೇ. ಎರಡು: ಹೂಂನಿಂದ ಪಡೆದ ಒಪ್ಪಿಗೆಯ ಮೇಲೆ ನಿಂತ ಕಟ್ಟುಗಳೆಲ್ಲ ಮರುದಿನ ಸೂರ್ಯೋದಯಕ್ಕೆ ಬಿಚ್ಚತಕ್ಕದ್ದು. ಕೆಳಗೆ ಅವ್ವ ಒಂದೊಂದೇ ಅಕ್ಷರ ತಿದ್ದಿ ಸಾಬವ್ವ ಎಂದು ಬರೆದಳು.

ಮಂಡಳಿಯ ಅಧ್ಯಕ್ಷ ರಾಚಪ್ಪನವರನ್ನು ನಾನು ಕೆಟ್ಟವರೆನ್ನಲಾರೆ. ಬಿಸಿಗಾಳಿಯ ಒಂಬತ್ತು ದಿನವೂ ಅವರು ಚಪ್ಪರದ ಮೇಲೆ ನಿಂತು ಬಟ್ಟೆ ಹೊಲಿಸಿದ್ದರು, ಅಂಗೈ ಸುಟ್ಟ ಗುರುತು ಈಗಲೂ ಇದೆ. ಆದರೆ ಹತ್ತು ವರ್ಷ ಯಾರೂ ಬೇಡ ಎನ್ನದಿದ್ದರೆ ಒಳ್ಳೆಯವನಿಗೂ ತಾನು ಮಾಡಿದ್ದೇ ಸರಿ ಎನಿಸಿಬಿಡುತ್ತದೆ. ತಿದ್ದುಪಡಿ ಓದಿ ಅವರು ನಿಯಂತ್ರಣ ಕೊಠಡಿಗೆ ಬಂದರು, ಜೊತೆಗೆ ಊರಿನ ನ್ಯಾಯದರ್ಶಿ ಜೈಬುನ್ನಿಸಾ ಬಾಗವಾನರು. ಅಗಸೆ ತೆಗೆದರೆ ಹೊರಗಿನ ಬಿಸಿಲಿಗೆ ಜನ ಮತ್ತೆ ಸಾಯುತ್ತಾರೆ ಎಂದು ರಾಚಪ್ಪನವರು ನನಗೆ ತಿಳಿಹೇಳಿದರು. ಹೊರಗೆ ನೆಲದೊಳಗಿನ ಮನೆಗಳಲ್ಲಿ ನನ್ನಕ್ಕ ಹತ್ತು ವರ್ಷ ಬದುಕಿದ್ದಾಳಲ್ಲ ಎಂದೆ. ಅದಕ್ಕೆ ಮಾತು ಬದಲಿಸಿ ಕಾನೂನಿಗೆ ಬಂದರು.

ಅವರ ವಾದ ಚುರುಕಾಗಿತ್ತು. ಈ ತಿದ್ದುಪಡಿಯನ್ನೂ ಅತ್ತೆಯೇ ಓದುತ್ತಾಳೆ. ಜನ ಇದಕ್ಕೂ ಹೂಂ ಎನ್ನುತ್ತಾರೆ. ಹೂಂ ಒಪ್ಪಿಗೆಯಲ್ಲ ಎಂಬ ಕಾನೂನು ಹೂಂನಿಂದಲೇ ಪಾಸಾದರೆ ಅದು ತನ್ನ ಕಾಲನ್ನು ತಾನೇ ಕಡಿದುಕೊಂಡಂತೆ, ಆದ್ದರಿಂದ ರದ್ದು. ಜನ ಹೂಂ ಅನ್ನದೆ ಸುಮ್ಮನಿದ್ದರೆ ಮೌನಂ ಸಮ್ಮತಿ ಲಕ್ಷಣಂ, ಅಂದರೆ ಈಗಿನ ಏರ್ಪಾಡಿಗೇ ಒಪ್ಪಿದಂತೆ.

ನ್ಯಾಯದರ್ಶಿಗಳು ನಕ್ಕುಬಿಟ್ಟರು. "ಹೂಂ ಅಂದ್ರೂ ಒಪ್ಪಿಗಿ, ಸುಮ್ಮನಿದ್ರೂ ಒಪ್ಪಿಗಿ ಅಂದ್ರ, ಒಲ್ಲೆ ಅನ್ನೂದು ಹ್ಯಾಂಗ್ರಿ ರಾಚಪ್ಪನವರ?"

ಆದರೂ ಅಧ್ಯಕ್ಷರ ಅರ್ಧ ವಾದವನ್ನು ಅವರು ಎತ್ತಿಹಿಡಿದರು. ತಿದ್ದುಪಡಿ ತಾನು ಹೇಳುವ ಅಳತೆಗೆ ತಾನೂ ನಿಲ್ಲಬೇಕು. ಓದುವಾಗ ನಡುವೆ ಒಂದೇ ಒಂದು ಹೂಂ ಅಂದವರ ಮತ ಲೆಕ್ಕಕ್ಕಿಲ್ಲ. ಕೊನೆಯವರೆಗೆ ಹೂಂ ಅನ್ನದೆ ಕೇಳಿ, ಆಮೇಲೆ ಒಪ್ಪಿದೆ ಎಂದವರ ಮತವಷ್ಟೇ ಮತ. ಊರಲ್ಲಿ ವಯಸ್ಕರು ಮೂವತ್ತೊಂದು ಸಾವಿರದ ನಾಲ್ಕುನೂರು. ಬೇಕಾದದ್ದು ಇಪ್ಪತ್ಮೂರು ಸಾವಿರದ ಐನೂರ ಐವತ್ತು. ಅಧ್ಯಕ್ಷರು ಸಮಾಧಾನದಿಂದ ಎದ್ದು ಹೋದರು. ಈ ನಾಡಿನ ಜನ ಹನ್ನೊಂದು ನಿಮಿಷ ಹೂಂಗುಡದೆ ಕೂರುವುದು ಅಸಾಧ್ಯವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಳುಮೋರೆ ಹಾಕಿಕೊಂಡು ಮನೆಗೆ ಬಂದು ಹೇಳಿದೆ. ಅವ್ವ ಕೇಳಿದಳು, ಹೂಂ ಎಂದಳು, ಎಂದದ್ದು ಗೊತ್ತಾಗಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾಳೆಯಿಂದ ಅಭ್ಯಾಸ ಎಂದಳು.

ಐವರು ಸೇರಬಹುದಲ್ಲ. ಅವ್ವ ಒಬ್ಬಳು, ಕೇಳುವವರು ನಾಲ್ವರು. ನಾನು ಮನೆಯಲ್ಲಿದ್ದರೆ ಆರಾಗುತ್ತದೆಂದು ನನ್ನನ್ನು ಹೊರಗೆ ಅಟ್ಟುತ್ತಿದ್ದಳು. ಮೂವರು ಬಂದ ದಿನ ಮಾತ್ರ ನನಗೂ ಜಾಗ. ಮೊದಲು ತಿದ್ದುಪಡಿ ಏನೆಂದು ವಿವರಿಸುವಳು, ಆಮೇಲೆ ಹನ್ನೊಂದು ನಿಮಿಷದ ಒಂದು ಕಥೆ. ಹೂಂ ಎಂದಿರೋ ಕಥೆ ಅಲ್ಲಿಗೇ ಬಂದ್. ಒಂದೂರಲ್ಲಿ ಒಬ್ಬ ರಾಜನಿದ್ದ, ಅವನಿಗೆ ಹೂಂ ಎಂಬುದೊಂದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ, ಎಂದು ಶುರು. ಇಷ್ಟಕ್ಕೇ ಈರಣ್ಣ ಮಾಸ್ತರರು ಹೂಂ ಎಂದು ಔಟಾದರು. ಎರಡನೆಯ ದಿನವೂ ಔಟು, ಮೂರನೆಯ ದಿನ ಬಾಯಲ್ಲಿ ಅಡಿಕೆ ಹೋಳು ಇಟ್ಟುಕೊಂಡು ಬಂದು ಮೂಗಿನಲ್ಲಿ ಹೂಂಗುಟ್ಟಿದರು. ಜೀವಮಾನವಿಡೀ ಮಕ್ಕಳಿಗೆ ಹೂಂ ಅನ್ರೋ ಎಂದು ಕಲಿಸಿದ ಪಾಪ, ಉಣ್ಣಬೇಕಲ್ಲ ಎಂದು ತಾವೇ ಹೇಳಿಕೊಂಡರು. ಆರನೆಯ ದಿನ ಅವರು ರಾಜನ ಕಥೆಯನ್ನು ಕೊನೆಯತನಕ ಕೇಳಿದರು. ಹೂಂ ಎನ್ನಬೇಕಾದಲ್ಲೆಲ್ಲ ತಲೆ ಆಡಿಸಿದರು. ಅತ್ತೆಗೆ ಕಿವಿಯಿದೆ, ಕಣ್ಣಿಲ್ಲ. ಅಂದೇ ಸಂಜೆ ಅವರು ತಮ್ಮ ಮನೆಯಲ್ಲಿ ನಾಲ್ವರನ್ನು ಕೂರಿಸಿಕೊಂಡು ಅದೇ ಕಥೆ ಹೇಳಿದರು.

ಅವ್ವನ ನಾಲ್ವರು ಹದಿನಾರಾದರು, ಹದಿನಾರು ಅರವತ್ನಾಲ್ಕು. ಮೂರನೆಯ ವಾರಕ್ಕೆ ನಾನು ಕೆಲಸಕ್ಕೆ ನಡೆದು ಹೋಗುವಾಗ ಓಣಿ ಓಣಿಯಲ್ಲೂ ತೆರೆದ ಬಾಗಿಲೊಳಗಿಂದ ಆ ಹೂಂ ರಾಜ ಕೇಳಿಸುತ್ತಿದ್ದ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಇದ್ದ. ಒಂದು ಮನೆಯಲ್ಲಿ ಅವನಿಗೆ ಮೂವರು ಹೆಂಡಿರು, ಇನ್ನೊಂದರಲ್ಲಿ ಅವನು ಕುಂಬಳಕಾಯಿ ತಿಂದು ಸತ್ತ. ಅಂಗಡಿಗಳಲ್ಲಿ ಜನ ಮಾತಿನ ನಡುವೆ ಹೂಂ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಎಷ್ಟು ಸಲ ಯಾವುದಕ್ಕೆಲ್ಲ ಹೂಂ ಅಂದಿದ್ದೇವೆಂದು ಅವರಿಗೇ ಆಶ್ಚರ್ಯ. ಮುಖ್ಯವಾಗಿ ಇನ್ನೊಂದಾಯಿತು. ಪಕ್ಕದವನೂ ಒಪ್ಪಿರಲಿಲ್ಲ, ಎದುರು ಮನೆಯವಳೂ ಒಪ್ಪಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಆ ಶೇಕಡಾ ತೊಂಬತ್ತೇಳು ಯಾರ ಮನೆಯಲ್ಲೂ ವಾಸವಿರಲಿಲ್ಲ.

ಆ ನಡುವೆ ಅವ್ವನಿಗೆ ಜ್ವರ ಬಂತು. ನಾಲ್ಕು ದಿನ ಏಳಲಿಲ್ಲ. ಪಾರಕ್ಕನನ್ನು ನೋಡದೆ ಹೋಗಿಬಿಡುತ್ತಾಳೆಂದು ನನಗೆ ಭಯವಾಯಿತು, ಕೀಲಿಕೈ ಜೇಬಿನಲ್ಲಿ ಭಾರವಾಯಿತು. ಒಂದು ಸಾಲು ಅಳಿಸಿಬಿಡಲೇ ಎಂದು ಹಾಸಿಗೆಯ ಪಕ್ಕ ಕೂತು ಕೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡೇ ಊಹೂಂ ಎಂದಳು. ಅದು ಪ್ರಶ್ನೆಗೆ ಬಂದ ಉತ್ತರ, ಅದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಐದನೆಯ ದಿನ ಎದ್ದು ಗಂಜಿ ಕೇಳಿದಳು.

ಓದಲು ನಿಗದಿಯಾದ ದಿನ ಸಂಜೆ ಆರೂವರೆಗೆ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಒಂದು ಪಕ್ಕ ನ್ಯಾಯದರ್ಶಿಗಳು, ಇನ್ನೊಂದು ಪಕ್ಕ ರಾಚಪ್ಪನವರು. ಪರದೆಯ ಮೇಲೆ ಎರಡು ಅಂಕಿ: ಎಡಕ್ಕೆ ಹೂಂ ಅಂದವರು, ಬಲಕ್ಕೆ ಒಪ್ಪಿದೆ ಅಂದವರು. ಎಡದ್ದು ಏಳು ಸಾವಿರದ ಎಂಟುನೂರ ಐವತ್ತು ದಾಟಿದರೆ ಬಲದ್ದು ಎಂದಿಗೂ ಮುಟ್ಟಲಾರದು. ಅತ್ತೆ ಓದತೊಡಗಿದಳು. ತಿದ್ದುಪಡಿ ಎರಡೇ ಸಾಲಾದರೂ ಅಧ್ಯಕ್ಷರಿಗೆ ತಮ್ಮ ವಿವರಣೆ ಸೇರಿಸುವ ಹಕ್ಕಿತ್ತು, ಸೇರಿಸಿ ಹನ್ನೊಂದು ನಿಮಿಷ ತುಂಬಿಸಿದ್ದರು. ಬಿಸಿಗಾಳಿಯ ಒಂಬತ್ತು ದಿನಗಳ ಕಥೆ ಅದು. ಚೆನ್ನಾಗಿ ಬರೆದಿದ್ದರು, ನಿಜಕ್ಕೂ ಹೂಂಗುಡಬೇಕೆನಿಸುವ ಹಾಗಿತ್ತು.

ಮೊದಲ ವಾಕ್ಯಕ್ಕೇ ಒಂಬೈನೂರು ಹೂಂ ಬಿದ್ದವು. ಎರಡನೆಯದಕ್ಕೆ ಎರಡು ಸಾವಿರ. ಮೂರನೆಯ ವಾಕ್ಯದ ಕೊನೆಗೆ ಮೂರು ಸಾವಿರದ ನಾಲ್ಕುನೂರು, ಆರನೆಯದಕ್ಕೆ ನಾಲ್ಕು ಸಾವಿರ. ಆಮೇಲೆ ಅಂಕಿ ನಿಧಾನವಾಯಿತು. ಒಂದು, ಎರಡು, ಇನ್ನೊಂದು, ಅಷ್ಟೇ. ಅತ್ತೆ ಬಿಡುವು ಕೊಟ್ಟಳು, ಊರು ಬಾಯಿ ಬಿಡಲಿಲ್ಲ. ಹತ್ತು ವರ್ಷದಲ್ಲಿ ಆ ಯಂತ್ರಕ್ಕೆ ಇಂಥ ಮೌನ ಎಂದೂ ಕೇಳಿಸಿರಲಿಲ್ಲ. ಮೂವತ್ತೊಂದು ಸಾವಿರ ಜನ ತಂತಮ್ಮ ಮನೆಯ ಗೋಡೆಯ ಮುಂದೆ ತಲೆಯಾಡಿಸುತ್ತ ಕೂತಿದ್ದಾರೆಂದು ನೆನೆದು ನನಗೆ ಅಳು ಬಂತು.

ಎಂಟನೆಯ ನಿಮಿಷದಲ್ಲಿ ಅತ್ತೆ ಓದಿದಳು: ಒಂಬತ್ತನೆಯ ದಿನ ಗಾಳಿ ನಿಂತಾಗ ಚಪ್ಪರದ ಮೇಲೆ ಹದಿನಾಲ್ಕು ಜನ ಉಳಿದಿದ್ದೆವು. ಬಿಡುವು.

"ಹೂಂ," ಎಂದರು ರಾಚಪ್ಪನವರು.

ಕೊಠಡಿಯಲ್ಲೂ ಅತ್ತೆಗೊಂದು ಕಿವಿಯಿತ್ತು. ಎಡಗಡೆಯ ಅಂಕಿ ಒಂದು ಏರಿತು, ಕೆಳಗೆ ಹೆಸರೂ ಮೂಡಿತು: ರಾಚಪ್ಪ, ಹೂಂ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ಮುಖ ಕೆಂಪಾಯಿತು.

"ಅದು ಒಪ್ಪಿಗಿ ಅಲ್ಲರೀ," ಎಂದರು ಮೆಲ್ಲಗೆ. "ಸುಮ್ಮನ ಕೇಳಿಸಿಕೊಂಡೆ."

"ನಾವೂ ಹತ್ತು ವರ್ಷ ಅದನ್ನ ಮಾಡಿದ್ದೆವ್ರಿ," ಎಂದೆ.

ಅವರು ಮತ್ತೆ ಪರದೆಯ ಕಡೆ ತಿರುಗಿದರು. 'ಓದು ಮುಗಿಯಿತು, ಒಪ್ಪುವವರು ಹೇಳಬಹುದು' ಎಂದಳು ಅತ್ತೆ. ಎಡಗಡೆ ನಾಲ್ಕು ಸಾವಿರದ ಇನ್ನೂರ ಹನ್ನೆರಡಕ್ಕೆ ನಿಂತಿತ್ತು. ಬಲಗಡೆ ಸೊನ್ನೆ. ಒಂದು ಉಸಿರಿನಷ್ಟು ಹೊತ್ತು ಸೊನ್ನೆಯೇ ಇತ್ತು. ಆಮೇಲೆ ಅಂಕಿಗಳು ಕಣ್ಣಿಗೆ ಸಿಕ್ಕದಂತೆ ಓಡಿದವು. ನಾನು ಮನೆಮನೆಯ ದನಿಯನ್ನು ಕೊಠಡಿಗೆ ಬಿಟ್ಟೆ. ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಮುದುಕರ ದನಿ, ಬಾಣಂತಿಯರ ದನಿ, ಅಡಿಕೆ ಹೋಳನ್ನು ದವಡೆಗೆ ಸರಿಸಿಕೊಂಡು ಹೇಳಿದ ಈರಣ್ಣ ಮಾಸ್ತರರ ದನಿ. ನಾನೂ ಎದ್ದು ನಿಂತು ಗೋಡೆಯ ಕಡೆ ತಿರುಗಿ ಒಪ್ಪಿದೆ ಎಂದೆ. ಇಪ್ಪತ್ಮೂರು ಸಾವಿರದ ಐನೂರ ಐವತ್ತು ಯಾವಾಗ ದಾಟಿತೋ ನೋಡಲಾಗಲಿಲ್ಲ. ನಿಂತದ್ದು ಇಪ್ಪತ್ತೈದು ಸಾವಿರದ ಒಂಬೈನೂರ ಆರಕ್ಕೆ.

ನ್ಯಾಯದರ್ಶಿಗಳು ಸಹಿ ಮಾಡಿ ಪತ್ರವನ್ನು ರಾಚಪ್ಪನವರ ಮುಂದಿಟ್ಟರು. ಅವರು ಸುಟ್ಟ ಅಂಗೈಯಿಂದ ಅದನ್ನು ನೆಟ್ಟಗೆ ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಮಂದಿ ಒಪ್ಯಾರ ಅನ್ನೂದೊಂದ ಧೈರ್ಯ ಇತ್ರಿ ನನಗ. ಹತ್ತ ವರ್ಷ ಅದರ ಮ್ಯಾಲ ನಡದೆ," ಎಂದರು. ಸಹಿ ಮಾಡಿದರು. ಹೋಗುವಾಗ ಬಾಗಿಲಲ್ಲಿ ನಿಂತು, ಆ ರಾಜನ ಕಥೆ ಕೊನೆಗೆ ಏನಾಗುತ್ತದೆ ಎಂದು ಕೇಳಿದರು. ನಾಳೆ ನಮ್ಮನೆಗೆ ಬನ್ನಿ, ಈಗ ಎಷ್ಟು ಜನ ಬೇಕಾದರೂ ಕೂರಬಹುದು ಎಂದೆ.

ಮನೆಗೆ ಬಂದಾಗ ಅವ್ವ ಸೆರಗು ಹೊದ್ದು ಗೋಡೆಯ ಕಡೆ ನೋಡುತ್ತ ಕೂತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗೋಡೆಗೇ ಹೇಳಿ, ಬೆಳಗಿನ ದಾರಿಗೆಂದು ಬುತ್ತಿ ಕಟ್ಟಲು ಎದ್ದಳು.

ಸೂರ್ಯ ಹುಟ್ಟುವ ಹೊತ್ತಿಗೆ ಅಗಸೆಯಲ್ಲಿ ಜನ ಸೇರಿದ್ದರು. ಐವರಲ್ಲ, ಐನೂರಲ್ಲ, ಎಷ್ಟೆಂದು ಹೇಳಲಾರೆ. ಅಷ್ಟು ಜನರನ್ನು ಒಂದೇ ಕಡೆ ಕಂಡು ಎಷ್ಟೋ ಮಂದಿಗೆ ಮೊದಮೊದಲು ದಿಗಿಲಾಗಿ, ನಾಲ್ಕು ನಾಲ್ಕು ಜನರಾಗಿಯೇ ನಿಂತಿದ್ದರು. ಆಮೇಲೆ ಯಾರೋ ನಕ್ಕರು, ಗುಂಪುಗಳು ಒಂದರೊಳಗೊಂದು ಬೆರೆತವು. ಮಾಸ್ತರರು ಕಲ್ಲಿನ ಮೇಲಿನ ಐದು ಸಾಲಿನ ದೂಳು ಟವೆಲಿನಿಂದ ಒರೆಸಿ ದೊಡ್ಡ ದನಿಯಲ್ಲಿ ಓದಿದರು. ಕದದ ಸರಪಳಿ ಇಳಿಯಿತು.

ಆಚೆ ಬಯಲಿನಲ್ಲಿ, ರಾತ್ರಿಯೇ ಸುದ್ದಿ ತಿಳಿದು ದೋಣಿ ವಸ್ತಿಯಿಂದ ಬಂದವರು ಕೊಡೆ ಹಿಡಿದು ನಿಂತಿದ್ದರು. ಮುಂದೆ ಪಾರಕ್ಕ. ಕೂದಲು ಬೆಳ್ಳಗಾಗಿತ್ತು, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ನಿಲ್ಲುವ ಭಂಗಿ ಮಾತ್ರ ಅದೇ. ಅವಳನ್ನು ಒಳಗೆ ಕರೆಯಲೆಂದು ನಾನು ಕೈ ಎತ್ತಿದೆ. ಅವ್ವ ನನ್ನ ಕೈ ಕೆಳಗಿಳಿಸಿದಳು. ಒಳಗೆ ಬರುವುದು ಆಮೇಲೆ, ಮೊದಲು ತಾನು ಹೊರಗೆ ಹೋಗಬೇಕು ಎಂದಳು. ಕದ ಕಾಯುವವನಿಗೆ, "ಹೋಗಿ ಬರ್ತೀನಪಾ," ಎಂದು ಹೇಳಿ, ಕೋಲೂರಿಕೊಂಡು ಅಗಸೆಯ ಗೆರೆ ದಾಟಿದಳು. ಯಾರೂ ತಡೆಯಲಿಲ್ಲ, ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಇಬ್ಬರೂ ಅಪ್ಪಿಕೊಂಡು ಅತ್ತರು. ನಾನೂ ಓಡಿಹೋಗಿ ಸೇರಿಕೊಂಡೆ. ಬಿಸಿಲು ಏರುವ ಮೊದಲೇ ಪಾರಕ್ಕ ಕೊಡೆ ನೆಟ್ಟು ನೆಲದ ಮೇಲೆ ಕಂಬಳಿ ಹಾಸಿದಳು. ಅವ್ವ ಬುತ್ತಿ ಬಿಚ್ಚಿದಳು. ಅಪ್ಪ ಹೋದ ಸುದ್ದಿ ಅಕ್ಕನಿಗೆ ಕಾಗದದಲ್ಲಿ ಎರಡೇ ಸಾಲಿನಲ್ಲಿ ಹೋಗಿತ್ತು. ರೊಟ್ಟಿ ಮುರಿದು ಅವಳ ಕೈಗಿಟ್ಟು ಅವ್ವ ಹೇಳತೊಡಗಿದಳು.

"ನಿಮ್ಮಪ್ಪ ಹೋದ ದಿನ ಗಾಳಿ ಹ್ಯಾಂಗ ಬೀಸಾಕತ್ತಿತ್ತು ಅಂದ್ರ, ಪಾರೀ, ಮನ್ಯಾಗಿನ ಹಿತ್ತಾಳಿ ಕೊಡಾ ಮುಟ್ಟಿದ್ರ ಸುಡತಿತ್ತು."

ಅವ್ವ ಬಿಡುವು ಕೊಟ್ಟಳು. ಪಾರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂಂ," ಎಂದಳು.